ಸಿನಿಮಾದ ಆಚೆಗಿನ ಹೊಸ ಹಾಡುಗಾರರನ್ನು ಕಂಡುಕೊಳ್ಳುವುದು ಹೇಗೆ?

ಪ್ರಶ್ನೆ: ಹಳೆಯ ಕೇಳುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಹಾಡುಗಳನ್ನು ಕ್ಯಾಸೆಟ್ಟಿನ ಟೇಪು ಸುಕ್ಕುಗಟ್ಟುವವರೆಗೆ ಕೇಳಿದ ತಲೆಮಾರಿಗೆ ಸೇರಿದವನು ನಾನು. ಅವುಗಳ ಜೊತೆಗೆ ರಾಜ್‌ಕುಮಾರ್ ಅವರ ಚಿತ್ರಗೀತೆಗಳು, ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ; ಇಷ್ಟರಲ್ಲಿಯೇ ನನ್ನ ಸಂಗೀತದ ಸಂಸಾರ ಸುಖವಾಗಿ ಸಾಗಿಕೊಂಡು ಬಂದಿತ್ತು. 'ಇಂಡೀ' ಎಂದೂ 'ಆಲ್ಟರ್ನೇಟಿವ್' ಎಂದೂ ಕರೆಯುವ, ಸಿನಿಮಾದ ಆಚೆಗೆ ಸ್ವತಂತ್ರವಾಗಿ ಮಾಡುವ ಸಂಗೀತದ ಮೇಲೆ ನನಗೆ ಮುನಿಸೇನೂ ಇರಲಿಲ್ಲ. ಅದು ನನ್ನಂಥವರಿಗಾಗಿ ಮಾಡಿದ್ದಲ್ಲ ಎಂದುಕೊಂಡು ಸುಮ್ಮನಿದ್ದೆ, ಅಷ್ಟೆ.

ಈಚೆಗೆ ಮಗಳ ಒತ್ತಾಯಕ್ಕೆ ಬೆಂಗಳೂರಿನ 'ಪರ್ವಾಜ್' ಎಂಬ ತಂಡದ 'ಬಾರಾನ್' ಆಲ್ಬಂ ಕೇಳಿದೆ. ಅದು 2014ರಲ್ಲಿ ಬಂದದ್ದು. 2010ರಲ್ಲಿ ಆರಂಭವಾದ ಈ ತಂಡದ ಮುಖ್ಯ ಗಾಯಕ ಖಾಲಿದ್ ಅಹಮದ್ ಹಾಗೂ ಆ ಆಲ್ಬಮ್ಮಿನಲ್ಲಿ ಗಿಟಾರ್ ನುಡಿಸಿದ ಕಾಶಿಫ್ ಇಕ್ಬಾಲ್ ಇಬ್ಬರೂ ಕಾಶ್ಮೀರ ಮೂಲದವರು. ತಂಡ ಹಾಡುವುದು ಉರ್ದು ಮತ್ತು ಕಾಶ್ಮೀರಿ ಭಾಷೆಗಳಲ್ಲಿ. ನನಗೆ ಉರ್ದು ಅಷ್ಟಿಷ್ಟು ತಿಳಿಯುತ್ತದೆ, ಕಾಶ್ಮೀರಿಯಂತೂ ಒಂದಕ್ಷರವೂ ಬಾರದು. ಆದರೂ ಆ ಆಲ್ಬಮ್ಮನ್ನು ಬಿಟ್ಟೇಳಲು ಮನಸ್ಸಾಗಲಿಲ್ಲ. ಯಾಕಿರಬಹುದು ಎಂದು ಮತ್ತೆ ಕೇಳಿ ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಆ ಹಾಡುಗಳಿಗೆ ಯಾವ ಅವಸರವೂ ಇಲ್ಲ. ಪಲ್ಲವಿಗಾಗಿ ಕಾಯುತ್ತಿರುವಾಗ ಗಿಟಾರುಗಳು ತಮ್ಮಷ್ಟಕ್ಕೆ ತಾವು ಮಾತನಾಡಿಕೊಳ್ಳುತ್ತಿರುತ್ತವೆ. ಧ್ವನಿ ಬಂದ ಮೇಲೂ ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಅದನ್ನು ಸ್ವಲ್ಪ ಬೇರೆ ಕಡೆಗೆ ಹೊರಳಿಸುತ್ತಾರೆ. ಅದು ರಾಗವಿಸ್ತಾರವಲ್ಲ, ಅದನ್ನು ಅನುಕರಿಸುವ ಪ್ರಯತ್ನವೂ ಅಲ್ಲ. ಆದರೆ ಹಿಂದೂಸ್ತಾನಿಯ ನಿಧಾನ ಲಯದ ವಿಲಂಬಿತ ಖಯಾಲು ಕೇಳುವಾಗ ಬೇಕಾಗುವ ತಾಳ್ಮೆಯನ್ನೇ ಇದೂ ಬೇಡುತ್ತದೆ.

ನನ್ನ ತೊಡಕು ಇರುವುದು ಇಲ್ಲಿಂದ ಮುಂದೆ. 'ಇದೇ ಬಗೆಯ' ಹಾಡುಗಳೆಂದು ಆ್ಯಪ್ ನನ್ನ ಮುಂದೆ ತಂದಿಡುತ್ತಿರುವುದು ಹಿಂದಿ ಸಿನಿಮಾಗಳ ಸೂಫಿ ಶೈಲಿಯ ಹಾಡುಗಳನ್ನು. ಕನ್ನಡದ ಇಂಡೀ ಎಂದು ಹುಡುಕಿದರೆ ಈ ವಾರದ ಚಿತ್ರಗೀತೆಗಳೇ ಸಾಲುಗಟ್ಟಿ ನಿಲ್ಲುತ್ತವೆ. ಮಗಳನ್ನು ಕೇಳಿದರೆ ಉದ್ದದ ಪಟ್ಟಿಯೊಂದನ್ನು ಕಳಿಸುತ್ತಾಳೆ. ಅದರಲ್ಲಿ ಒಂದು ನನಗೆ ಹಿಡಿಸಿದರೆ ಒಂಬತ್ತು ಹಿಡಿಸುವುದಿಲ್ಲ. ಪಟ್ಟಿ ನನಗೆ ಬೇಡ. ನಿಮಗೆ ಅನಿರೀಕ್ಷಿತವಾಗಿ ಇಷ್ಟವಾದ ಹೊಸಬರನ್ನು ನೀವು ಯಾವ ದಾರಿಯಲ್ಲಿ ಹೋಗಿ ಕಂಡುಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಕನ್ನಡದಲ್ಲಿಯೇ ಹಾಡುವವರಿದ್ದರೆ ಇನ್ನೂ ಸಂತೋಷ.

ಉತ್ತರ: ಮಂದ್ರ ತಂತಿ, ಬೆಂಗಳೂರು

ಸರ್, ನಿಮಗೆ ಹಿಡಿಸಿದ್ದು ಹಾಡಿನ ನಡೆ. ಆ್ಯಪ್ ಓದಿಕೊಂಡದ್ದು ಅದರ ಹಣೆಪಟ್ಟಿಯನ್ನು. ಇಂಡೀ ಎಂಬುದು ಒಂದು ಹಾಡು ಹೇಗೆ ಕೇಳಿಸುತ್ತದೆ ಎಂಬುದಕ್ಕಿಂತ ಅದನ್ನು ಯಾರು ದುಡ್ಡು ಹಾಕಿ ಮಾಡಿದರು, ಅದರ ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನು ಹೇಳುವ ಮಾತು. ಹಾಗಾಗಿ ಅದರ ಕೆಳಗೆ ಪಿಸುದನಿಯ ಹಾಡುಗಾರನೂ ಇರುತ್ತಾನೆ, ಕಿವಿಗಡಚಿಕ್ಕುವ ಮೆಟಲ್ ತಂಡವೂ ಇರುತ್ತದೆ.

ಸಲಹೆ ಕೊಡುವ ಯಂತ್ರಗಳು ಮುಖ್ಯವಾಗಿ ನೋಡುವುದು ಈ ಹಾಡನ್ನು ಕೇಳಿದವರು ಇನ್ನೇನನ್ನು ಕೇಳಿದ್ದಾರೆ, ಯಾವ ಯಾವ ಹಾಡುಗಳನ್ನು ಜನ ಒಂದೇ ಪ್ಲೇಲಿಸ್ಟಿನಲ್ಲಿ ಕೂಡಿಸಿಟ್ಟಿದ್ದಾರೆ ಎಂಬುದನ್ನು. ಕನ್ನಡದಲ್ಲಿ ಸಿನಿಮಾದ ಆಚೆಗಿನದನ್ನು ಕೇಳುವವರು ಸಿನಿಮಾ ಹಾಡುಗಳನ್ನೂ ಕೇಳುವವರೇ ಆಗಿರುವುದರಿಂದ, ಲೆಕ್ಕದಲ್ಲಿ ಎರಡೂ ನೆರೆಹೊರೆಯಾಗಿಬಿಡುತ್ತವೆ. ಹೆಚ್ಚು ಕೇಳಲ್ಪಟ್ಟದ್ದು ಮುಂದೆ ಬಂದು ನಿಲ್ಲುತ್ತದೆ. ಹಾಡು ಕೇಳಿಸುವ ಆ್ಯಪ್ ಆದ ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ 'ಡಿಸ್ಕವರ್ ವೀಕ್ಲಿ' ಎಂದು ಮೂವತ್ತು ಹಾಡುಗಳನ್ನು ಕೊಡುತ್ತಿದೆ, ನಾನೂ ನೋಡುತ್ತೇನೆ. ಆದರೆ ಅದರಲ್ಲಿ ಸಿಗುವುದು ನನಗೆ ಈಗಾಗಲೇ ಇಷ್ಟವಾದುದರ ತಮ್ಮ ತಂಗಿಯರು. ಅನಿರೀಕ್ಷಿತ ಎಂದು ನೀವು ಹೇಳುವ ಬಗೆಯದು ಅಲ್ಲಿ ಅಪರೂಪ.

ನಾನು ವಾರಾಂತ್ಯಗಳಲ್ಲಿ ಬೇಸ್ ಗಿಟಾರ್ ನುಡಿಸುವವನು. ವಾದ್ಯಗಾರರ ನಡುವೆ ಚಾಲ್ತಿಯಲ್ಲಿರುವ ದಾರಿ ಬೇರೆ. ನಾವು ತಂಡವನ್ನು ಹಿಂಬಾಲಿಸುವುದಕ್ಕಿಂತ ತಂಡದೊಳಗಿನ ವ್ಯಕ್ತಿಯನ್ನು ಹಿಂಬಾಲಿಸುತ್ತೇವೆ. ನಮ್ಮ ಊರಿನ 'ಸ್ವರಾತ್ಮ' ತಂಡವನ್ನೇ ತೆಗೆದುಕೊಳ್ಳಿ. 2002ರಲ್ಲಿ ಹುಟ್ಟಿದ ಆ ತಂಡದ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಹಿಂದಿ ಹಾಡುಗಳ ನಡುವೆ 'ಈ ಭೂಮಿ' ಎಂಬ ಕನ್ನಡ ಹಾಡೂ ಅದರಲ್ಲಿದೆ. ಕಾವೇರಿ ನದಿಯೇ ಮಾತನಾಡುವಂತೆ ಅವರು ಮಾಡಿದ ಹಾಡೊಂದನ್ನು ನಾನು ಕಾವೇರಿ ಗಲಾಟೆಯ ಪ್ರತಿ ಸುತ್ತಿನಲ್ಲೂ ನೆನೆಯುತ್ತೇನೆ. ಅದರ ಗಾಯಕ ವಾಸು ದೀಕ್ಷಿತ್ ಅವರ ಬೆನ್ನು ಹತ್ತಿದರೆ ದಾಸರ ಪದಗಳಿಗೂ ಜನಪದಕ್ಕೂ ಹತ್ತಿರವಿರುವ ಅವರದೇ ಇನ್ನೊಂದು ತಂಡಕ್ಕೆ ತಲುಪುತ್ತೀರಿ. ಡ್ರಮ್ಸ್ ನುಡಿಸುವ ಮಾಂಟ್ರಿ ಮ್ಯಾನುಯೆಲ್ ಅವರ ಬೆನ್ನು ಹತ್ತಿದರೆ ಬಿಸಾಡಿದ ಡಬ್ಬ, ಪೈಪುಗಳಿಂದ ತಾಳವಾದ್ಯಗಳನ್ನು ಕಟ್ಟುವ 'ತಾಳವಟ್ಟಂ'ಗೆ ಹೋಗುತ್ತೀರಿ. ಇಬ್ಬರೂ ಒಂದೇ ವೇದಿಕೆಯಿಂದ ಹೊರಟವರು, ತಲುಪಿಸುವ ಊರುಗಳು ಮಾತ್ರ ಬೇರೆ ಬೇರೆ. ಯಂತ್ರಕ್ಕೆ ಈ ನಂಟು ಕಾಣುವುದು ಕಷ್ಟ, ಏಕೆಂದರೆ ಕೇಳುಗರು ಬೇರೆ ಬೇರೆ.

ದೆಹಲಿಯ 'ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ'ಯ ವಿಷಯವೂ ಹಾಗೆಯೇ. ಇಂಗ್ಲಿಷಿನಲ್ಲಿ ಹಾಡುವ ತಂಡವೆಂದು ನೀವು ದೂರ ಸರಿಸಬಹುದು. ಆದರೆ 2019ರ 'ಬಿಸ್ಮಿಲ್ಲಾ' ಆಲ್ಬಮ್ಮನ್ನು ಒಮ್ಮೆ ಕೇಳಿ: ಹಳೆಯ ಹಿಂದಿ ಚಿತ್ರಗಳ ಕ್ಲಬ್ಬಿನ ದೃಶ್ಯಗಳಲ್ಲಿ ಕೇಳಿಸುತ್ತಿದ್ದ ಕಹಳೆಗಳು, ಮೂರರ ಎಣಿಕೆಯಲ್ಲಿ ತೂಗುವ ಲಯ, ಅದರ ಮೇಲೆ ಸ್ವಲ್ಪ ಅಮಲಿನಲ್ಲಿರುವಂತೆ ತೇಲುವ ದನಿ. ಆ ದನಿಯ ಸೂರ್ಯಕಾಂತ್ ಸಾಹ್ನಿ ಅದೇ ವರ್ಷ 'ಲಿಫಾಫಾ' ಎಂಬ ಹೆಸರಿನಲ್ಲಿ 'ಜಾಗೋ' ಎಂಬ ಹಿಂದಿ ಆಲ್ಬಂ ಒಂದನ್ನು ಮಾಡಿದರು. ಅದು ಪೂರ್ತಿ ಎಲೆಕ್ಟ್ರಾನಿಕ್. ನನಗೆ ತಂಡಕ್ಕಿಂತ ಅದೇ ಹೆಚ್ಚು ಇಷ್ಟ. ಕೇರಳದ 'ಅವಿಯಲ್' ತಂಡದ 2008ರ ಆಲ್ಬಮ್ಮಿನ ಗಿಟಾರ್ ಇಷ್ಟವಾದರೆ ರೆಕ್ಸ್ ವಿಜಯನ್ ಎಂಬ ಹೆಸರನ್ನು ಹುಡುಕಿ. ಆಮೇಲೆ ಅವರು ಮಲಯಾಳಂ ಸಿನಿಮಾಗಳಿಗೆ ಸಂಗೀತ ಕೊಟ್ಟರು. ಸಿನಿಮಾದ ಆಚೆಯಿಂದ ಹೊರಟವನು ಸಿನಿಮಾದ ಒಳಗೇ ಬಂದು ಕುಳಿತುಕೊಳ್ಳುವುದೂ ಉಂಟು, ಅದರಲ್ಲೇನೂ ತಪ್ಪಿಲ್ಲ.

ಉತ್ತರ: ಹುಬ್ಬಳ್ಳಿ ಹುಡುಗಿ, ನ್ಯೂಜೆರ್ಸಿ

ಹಿರಿಯರೇ, ಮೇಲಿನವರು ಹೇಳಿದ ದಾರಿಯಲ್ಲೇ ನಾನೂ ನಡೆದವಳು. ಆದರೆ ನನ್ನ ದಾರಿ ಹೊರಟದ್ದು ಹಳೆಯ ಹಾಡೊಂದರಿಂದ. ಮೆಹದಿ ಹಸನ್ ಹಾಡಿದ 'ಮೊಹಬ್ಬತ್ ಕರನೇ ವಾಲೇ' ಗಜಲ್ ನಿಮ್ಮ ತಲೆಮಾರಿನವರಿಗೆ ಗೊತ್ತೇ ಇರುತ್ತದೆ. ಅದನ್ನು ಲಾಹೋರ್ ಮೂಲದ, ಈಗ ನ್ಯೂಯಾರ್ಕಿನಲ್ಲಿರುವ ಅರೂಜ್ ಆಫ್ತಾಬ್ 2021ರ 'ವಲ್ಚರ್ ಪ್ರಿನ್ಸ್' ಆಲ್ಬಮ್ಮಿನಲ್ಲಿ ಮತ್ತೆ ಹಾಡಿದ್ದಾರೆ. 2022ರಲ್ಲಿ ಆ ಹಾಡಿಗೆ ಗ್ರ್ಯಾಮಿ ಬಂತು. ಪ್ರಶಸ್ತಿಯ ಮಾತು ಹಾಗಿರಲಿ, ಅಲ್ಲಿ ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಸಾಲು ಮುಗಿದಲ್ಲಿ 'ವಾಹ್' ಎನ್ನಲು ಬಿಡುವ ಜಾಗವೂ ಇಲ್ಲ. ಗಜಲ್ ಗಾಯಕರು ಒಂದು ಮಾತನ್ನು ಹತ್ತು ಬಗೆಯಲ್ಲಿ ಅಲಂಕರಿಸಿ ತೋರಿಸಿದರೆ, ಈಕೆ ಅದೇ ಮಾತನ್ನು ಬರಿದಾಗಿ ಇಟ್ಟು ಸುತ್ತಲೂ ತಂತಿವಾದ್ಯಗಳನ್ನು ಹರಡುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಸಪ್ಪೆ ಎನ್ನಿಸಿತು. ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು, ಬೇರೇನನ್ನೂ ಮಾಡದೆ ಕೇಳಿದಾಗ ಆ ಸಪ್ಪೆತನವೇ ಬೇಕೆಂದು ಮಾಡಿದ್ದು ಎಂದು ಅರಿವಾಯಿತು. ಆದ್ದರಿಂದ ನಿಮಗೆ ನನ್ನದೊಂದು ವಿನಂತಿ: ಮಗಳ ಪಟ್ಟಿಯಲ್ಲಿ ಹಿಡಿಸದೇ ಹೋದ ಒಂಬತ್ತನ್ನು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ.

ಆ ಆಲ್ಬಮ್ಮಿನಲ್ಲಿ ಹಾರ್ಪ್ ನುಡಿಸಿದ ಸ್ಕಾಟ್ಲೆಂಡಿನ ಮೇವ್ ಗಿಲ್‌ಕ್ರಿಸ್ಟ್ ಅವರ ಹೆಸರು ಹಿಡಿದು ಹೋದಾಗ ನನಗೆ ಸ್ಕಾಟಿಷ್ ಜನಪದದ ಬಾಗಿಲು ತೆರೆಯಿತು. ಇನ್ನೊಂದು ಕಡೆ ಆಫ್ತಾಬ್ ಅವರು ಪಿಯಾನೋ ವಾದಕ ವಿಜಯ್ ಅಯ್ಯರ್ ಮತ್ತು ಶಹಜಾದ್ ಇಸ್ಮೈಲಿ ಅವರೊಡನೆ 2023ರಲ್ಲಿ 'ಲವ್ ಇನ್ ಎಕ್ಸೈಲ್' ಎಂಬ ಆಲ್ಬಂ ತಂದರು. ಅವಸರವಿಲ್ಲದ್ದು ಬೇಕು ಎಂದಿರಲ್ಲ, ಅದು ನಿಮಗೆ ಖಂಡಿತ ಹಿಡಿಸುತ್ತದೆ ಎಂದು ಪಣ ಕಟ್ಟಬಲ್ಲೆ.

ಇನ್ನೊಬ್ಬರನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಎಂಡೂ ಮೊಕ್ತಾರ್ ತುವಾರೆಗ್ ಜನಾಂಗದವರು, ತಮಾಶೆಕ್ ಭಾಷೆಯಲ್ಲಿ ಹಾಡುತ್ತಾರೆ. ಗಿಟಾರ್ ಕೊಳ್ಳುವ ಅನುಕೂಲವಿಲ್ಲದ ದಿನಗಳಲ್ಲಿ ಸೈಕಲ್ಲಿನ ಬ್ರೇಕ್ ತಂತಿಗಳನ್ನು ಬಿಗಿದು ತಾವೇ ಒಂದನ್ನು ಮಾಡಿಕೊಂಡು ನುಡಿಸಲು ಕಲಿತವರು. ಅವರ ಆರಂಭದ ಹಾಡುಗಳು ಸಹಾರಾದ ಅಂಚಿನ ಊರುಗಳಲ್ಲಿ ಹಬ್ಬಿದ್ದು ಫೋನುಗಳ ಮೆಮೊರಿ ಕಾರ್ಡುಗಳ ಮೂಲಕ, ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ. 'ಸಹೇಲ್ ಸೌಂಡ್ಸ್' ಎಂಬ ಪುಟ್ಟ ಅಮೆರಿಕನ್ ಸಂಸ್ಥೆ ಹಾಗೆ ಹರಿದಾಡುತ್ತಿದ್ದ ಹಾಡುಗಳನ್ನು ಒಟ್ಟುಮಾಡಿ ಸಂಕಲನ ತಂದ ಮೇಲೆಯೇ ಹೊರಗಿನವರಿಗೆ ಅವರ ಹೆಸರು ತಿಳಿದದ್ದು. ನಮ್ಮ ಹುಬ್ಬಳ್ಳಿ, ಗದಗ ಕಡೆಯ ಮೊಬೈಲ್ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಜನಪದ, ಭಜನಾಪದ ತುಂಬಿಸಿಕೊಂಡು ಹೋಗುತ್ತಿದ್ದ ಕಾಲವನ್ನು ಕಂಡವಳಿಗೆ ಈ ಕಥೆ ಪರದೇಶದ್ದು ಎನ್ನಿಸಲೇ ಇಲ್ಲ. ಆ ಕಾರ್ಡುಗಳಲ್ಲಿದ್ದ ಹಾಡುಗಾರರನ್ನು ನಮ್ಮಲ್ಲಿ ಯಾರಾದರೂ ಹಾಗೆ ಸಂಕಲಿಸಬಾರದಿತ್ತೇ ಎಂದು ಮಾತ್ರ ಅನ್ನಿಸುತ್ತದೆ. ಮೊಕ್ತಾರ್ ಅವರ 2021ರ 'ಆಫ್ರಿಕ್ ವಿಕ್ಟಿಮ್' ಗದ್ದಲದ ಆಲ್ಬಂ. ವಿಲಂಬಿತ ಖಯಾಲಿನ ಕಿವಿಗೆ ಸ್ವಲ್ಪ ಖಾರವಾದೀತು.

ಉತ್ತರ: ಅಕ್ಷರಮೋಹಿ, ಧಾರವಾಡ

ಹಿಂದಿನ ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಕೇಳಿದವರ ಕೊನೆಯ ಮಾತಿಗೆ, ಅಂದರೆ ಕನ್ನಡದಲ್ಲಿ ಹಾಡುವವರು ಯಾರು ಎಂಬುದಕ್ಕೆ, ಒಂದು ಹಾಡಿನ ಹೆಸರನ್ನಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಅದಕ್ಕೆ ಕಾರಣವೂ ಇದೆ, ಮತ್ತು ಆ ಕಾರಣದ ಬಗ್ಗೆ ನನ್ನದೊಂದು ತಕರಾರಿದೆ.

ಸಿನಿಮಾದ ಹಂಗಿಲ್ಲದ ಸಂಗೀತ ಕನ್ನಡಕ್ಕೆ ಹೊಸದಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಅದಕ್ಕೆ ಇಂಡೀ ಎಂದು ಯಾರೂ ಹೆಸರಿಡಲಿಲ್ಲ. ಆದರೆ ಆ ಭಾವಗೀತೆಗಳ ಚಳವಳಿಯ ಬಲವಿದ್ದದ್ದು ಬದುಕಿದ್ದು ಬರೆಯುತ್ತಿದ್ದ ಕವಿಗಳಲ್ಲಿ. ಈಗಿನ ತಂಡಗಳು ಮಾಡುತ್ತಿರುವುದೇನು? ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಕನ್ನಡದ ಪಾಲಿಗೆ ನಿಂತದ್ದು ಶಿಶುನಾಳ ಶರೀಫರು. ನಾನದನ್ನು ತೆಗಳುತ್ತಿಲ್ಲ. 1889ರಲ್ಲಿ ತೀರಿಕೊಂಡ ಸಂತನ ಪದವನ್ನು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ಕಾಲಕ್ಕೆ ಬ್ರಿಟನ್ನಿನವರು ತಲೆದೂಗಿ ಕೇಳುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಅಶ್ವಥ್ ಅವರು ಶರೀಫರ ಪದವನ್ನು ಹಾಡುವಾಗ ಅರ್ಥ ಮುಂದಿರುತ್ತದೆ, ತಾಳ ಅದರ ಹಿಂದೆ ಬರುತ್ತದೆ. ದೀಕ್ಷಿತ್ ಅವರಲ್ಲಿ ಕುಣಿತ ಮುಂದೆ, ತತ್ವ ಹಿಂದೆ. ಕುಣಿತ ಬೇಡವೆಂದಲ್ಲ. ವಚನ, ದಾಸರ ಪದ, ತತ್ವಪದಗಳ ಕಣಜದಿಂದ ತೆಗೆದುಕೊಂಡು ಗಿಟಾರ್ ಜೋಡಿಸುವುದೇ ರೂಢಿಯಾದರೆ, ಈ ಕಾಲದ ಮಾತನ್ನು ಬರೆಯುವವರು ಯಾರು?

ನನಗೆ ಸಿಕ್ಕಿದ ಉತ್ತರ ನನಗೇ ಆಶ್ಚರ್ಯ ತಂದಿತು: ರ‍್ಯಾಪ್ ಹಾಡುವ ಹುಡುಗರು. ಆಲ್ ಓಕೆ, ಎಂ.ಸಿ. ಬಿಜ್ಜು, ರಾಹುಲ್ ಡಿಟ್-ಓ ಇವರ ಎಲ್ಲ ಹಾಡುಗಳೂ ನನಗೆ ಸಮ್ಮತವಲ್ಲ. ಬಡಾಯಿ ಹೆಚ್ಚು, ಕೆಲವು ಕಡೆ ಪ್ರಾಸಕ್ಕಾಗಿ ಅರ್ಥವನ್ನು ಬಲಿ ಕೊಟ್ಟಿರುತ್ತಾರೆ. ಆದರೂ ಆಡುಮಾತಿನ ಕನ್ನಡವನ್ನು ಅದರ ಬಿರುಸಿನೊಂದಿಗೇ ಹಾಡಿಗೆ ತಂದವರು ಅವರು. ಮಾತ್ರಾಗಣದ ಪಾಠ ಹೇಳಿದ ನನ್ನಂಥವನಿಗೆ ಅವರ ಪ್ರಾಸದ ಹಿಡಿತ, ಉಸಿರಿನ ಲೆಕ್ಕ ಎರಡೂ ಗಮನಿಸತಕ್ಕವು ಎನ್ನಿಸುತ್ತದೆ. ಅಂದಹಾಗೆ, 2024ರಲ್ಲಿ 'ಬಿಗ್ ಡಾಗ್ಸ್' ಮೂಲಕ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೇರಿದ ಹನುಮಾನ್‌ಕೈಂಡ್ ಕೂಡ ಬೆಂಗಳೂರಿನ ವೇದಿಕೆಗಳಲ್ಲಿಯೇ ಬೆಳೆದವರು, ಹಾಡುವುದು ಮಾತ್ರ ಇಂಗ್ಲಿಷಿನಲ್ಲಿ.

ರ‍್ಯಾಪ್ ಒಗ್ಗದಿದ್ದರೆ ಬಿಂದುಮಾಲಿನಿ ಅವರಿಂದ ಆರಂಭಿಸಿ. 'ನಾತಿಚರಾಮಿ' ಚಿತ್ರದ 'ಮಾಯಾವಿ ಮನವೆ' ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರೆಂದು ಹಲವರಿಗೆ ಗೊತ್ತು. ಅದಕ್ಕೂ ಮೊದಲಿನಿಂದ ವೇದಾಂತ್ ಭಾರದ್ವಾಜ್ ಅವರೊಡನೆ ಕಬೀರನ ಪದಗಳನ್ನು ಹಾಡುತ್ತ ಬಂದಿದ್ದಾರೆ. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡನ್ನೂ ಕಲಿತ ಗಂಟಲು ಯಾವ ಪದ್ಧತಿಗೂ ಪೂರ್ತಿ ಒಪ್ಪಿಸಿಕೊಳ್ಳದೆ ಹಾಡುವುದನ್ನು ಅಲ್ಲಿ ಕೇಳಬಹುದು. ಆಮೇಲೆ ಶಿಲ್ಪಾ ಮುಡಬಿ ಅವರು ಜೋಗತಿಯರಿಂದ ಕಲಿತು ಹಾಡುವ ಎಲ್ಲಮ್ಮನ ಪದಗಳನ್ನು ಕೇಳಿ. ಇದನ್ನು ಜನಪದದ ಕಪಾಟಿನಲ್ಲಿ ಇಡುವವರಿದ್ದಾರೆ. ಯಾವ ದೊಡ್ಡ ಸಂಸ್ಥೆಯ ಬೆಂಬಲವೂ ಇಲ್ಲದೆ, ಪೇಟೆಯ ರುಚಿಗೆ ತಿದ್ದದೆ ಹಾಡುವ ಈ ಹಾಡುಗಳು ಆಲ್ಟರ್ನೇಟಿವ್ ಅಲ್ಲವಾದರೆ ಇನ್ಯಾವುದು?

ಹಳೆಯ ಕೇಳುಗ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಹೇಳಿದ್ದರಲ್ಲಿ ಕೆಲವನ್ನು ಕೇಳಿದ್ದೇನೆ. ಆಫ್ತಾಬ್ ಅವರ ಗಜಲ್ ಕೇಳುವಾಗ ಮೆಹದಿ ಹಸನ್ ಅವರನ್ನು ಮನಸ್ಸಿನಿಂದ ಹೊರಗಿಡಲು ಹೆಣಗಬೇಕಾಯಿತು. ಮೂಲವೇ ಗೊತ್ತಿಲ್ಲದ ಹಾಡುಗಳು ಹೆಚ್ಚು ಸಲೀಸಾಗಿ ಒಳಗಿಳಿದವು. 'ಲವ್ ಇನ್ ಎಕ್ಸೈಲ್' ಬಗ್ಗೆ ಹುಬ್ಬಳ್ಳಿಯವರು ಕಟ್ಟಿದ ಪಣ ಗೆದ್ದಿತು. ಪೀಟರ್ ಕ್ಯಾಟ್ ತಂಡದ ಕಹಳೆಗಳು ಶಂಕರ್ ಜೈಕಿಶನ್ ಅವರನ್ನು ನೆನಪಿಗೆ ತಂದವು, ಮಾತುಗಳು ಅಷ್ಟಾಗಿ ಹಿಡಿಯಲಿಲ್ಲ. ಅಕ್ಷರಮೋಹಿಗಳೇ, ನಾನು ಅಶ್ವಥ್ ಅವರ ಭಕ್ತನಾದರೂ ನಿಮ್ಮ ತಕರಾರನ್ನು ಪೂರ್ತಿ ಒಪ್ಪಲಾರೆ: 'ಗುಡುಗುಡಿಯ ಸೇದಿ ನೋಡೋ' ಎಂಬ ಪದದಲ್ಲಿಯೇ ಕೀಟಲೆಯಿದೆ, ರಘು ದೀಕ್ಷಿತ್ ಅವರ ಕುಣಿತ ಆ ಕೀಟಲೆಗೆ ಒಪ್ಪುತ್ತದೆ. 'ಸೋರುತಿಹುದು ಮನೆಯ ಮಾಳಿಗಿ'ಯ ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷ. ರ‍್ಯಾಪನ್ನು ಮಗಳ ಜೊತೆ ಕುಳಿತು ಕೇಳಬೇಕೆಂದಿದ್ದೇನೆ, ಅವಳು ನಕ್ಕರೂ ಚಿಂತೆಯಿಲ್ಲ.

ಒಂದು ಮಾತು ಉಳಿಯಿತು. ಕ್ಯಾಸೆಟ್ ಕೊಂಡಾಗ ಹಾಡಿದವರಿಗೆ ಏನೋ ಸ್ವಲ್ಪ ಸಂದಿತು ಎಂಬ ಭಾವನೆ ಇರುತ್ತಿತ್ತು. ಇವರಿಗೆ ಹಣ ತಲುಪಿಸುವುದು ಹೇಗೆ?

ಉತ್ತರ: ಮಂದ್ರ ತಂತಿ, ಬೆಂಗಳೂರು

ಆ್ಯಪಿನಲ್ಲಿ ಕೇಳುವುದರಿಂದ ತಲುಪುವುದು ತೀರ ಕಡಿಮೆ. ಸ್ಪಾಟಿಫೈ 2024ರಿಂದ ತಂದ ನಿಯಮದ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಲ್ಪಡದ ಹಾಡಿಗೆ ರಾಯಲ್ಟಿಯ ಲೆಕ್ಕವೇ ಆರಂಭವಾಗುವುದಿಲ್ಲ. ಹೊಸಬರಿಗೆ ಈ ಹೊಸ್ತಿಲೂ ಎತ್ತರದ್ದೇ. ಅದರ ಬದಲು ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಆಲ್ಬಮ್ಮನ್ನು ನೇರವಾಗಿ ಕೊಳ್ಳಬಹುದು. 2008ರಲ್ಲಿ ಆರಂಭವಾದ ಅದು ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟನ್ನು ತಾನಿಟ್ಟುಕೊಳ್ಳುತ್ತದೆ, ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ. 2020ರ ಮಾರ್ಚಿನಲ್ಲಿ, ಕೋವಿಡ್ಡಿನಿಂದ ಕಾರ್ಯಕ್ರಮಗಳೆಲ್ಲ ನಿಂತಾಗ, ತನ್ನ ಪಾಲನ್ನೂ ಬಿಟ್ಟುಕೊಡುವ ಶುಕ್ರವಾರಗಳನ್ನು ಶುರುಮಾಡಿತು. ಆಗಾಗ ಈಗಲೂ ಅದು ನಡೆಯುತ್ತದೆ, ಹಾಗಾಗಿ ಆ ದಿನ ನೋಡಿ ಕೊಳ್ಳುವುದು ಮೇಲು. ನಿಮ್ಮ ಮೊದಲ ಪ್ರಶ್ನೆಗೂ ಅಲ್ಲೊಂದು ದಾರಿಯಿದೆ: ಪ್ರತಿ ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರ ಸಂಗ್ರಹ ಪೂರ್ತಿ ತೆರೆದುಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡವರ ಆಯ್ಕೆ ನಂಬಿಕೆಗೆ ಹೆಚ್ಚು ಯೋಗ್ಯ ಎಂಬುದು ನನ್ನ ಅನುಭವ.

ಎಲ್ಲಕ್ಕಿಂತ ಹೆಚ್ಚು ತಲುಪುವುದು ಟಿಕೆಟ್ ಕೊಂಡು ಕಾರ್ಯಕ್ರಮಕ್ಕೆ ಹೋದಾಗ. ಇಂದಿರಾನಗರದ 'ಹಮ್ಮಿಂಗ್ ಟ್ರೀ' 2019ರಲ್ಲಿ ಮುಚ್ಚಿದ ಮೇಲೆ ಹೊಸಬರಿಗೆ ಅಂಥ ಮಧ್ಯಮ ಗಾತ್ರದ ಜಾಗ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಿಲ್ಲ ಎಂಬ ಕೊರಗು ನಮ್ಮಂಥವರಲ್ಲಿದೆ. ಆದರೂ ಕಾರ್ಯಕ್ರಮಗಳು ನಿಂತಿಲ್ಲ. ನೀವು ಬರುವುದಾದರೆ ಮುಖ್ಯ ತಂಡದ ಸಮಯಕ್ಕೆ ಬರಬೇಡಿ. ಅವರಿಗಿಂತ ಮೊದಲು ಹಾಡಲು ನಿಲ್ಲಿಸಿದ, ಹೆಸರೇ ಕೇಳಿರದ ತಂಡದ ಸಮಯಕ್ಕೆ ಬನ್ನಿ. ಆಗ ಕುರ್ಚಿಯೂ ಸಿಗುತ್ತದೆ.